ಸದ್ದಿಲ್ಲದ ಗಾಡಿಯ ರೈಟರು

ರೈಟರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದ್ದು ನಮ್ಮ ತೋಟದ ಕೆಂಪಕ್ಕ, ಗೋಣಿಕೊಪ್ಪಲಿನ ಸಂತೆಯಲ್ಲಿ, ಒಣಮೀನಿನ ಅಂಗಡಿಯ ಮುಂದೆ. ಮೀನು ಆರಿಸುತ್ತಿದ್ದ ಕೈಯನ್ನು ನಿಲ್ಲಿಸಲೂ ಇಲ್ಲ.

"ರೈಟ್ರು ಹೋಗ್ಬಿಟ್ರಂತೆ ಕಣೇ. ತಿಂಗಳ ಮೇಲಾಯ್ತಂತೆ."

"ಯಾವ ರೈಟ್ರು?"

"ಇನ್ಯಾವ ರೈಟ್ರು? ಬೆಕ್ಕು."

ನನಗೆ ನಂಬಿಕೆ ಬರಲಿಲ್ಲ. ಯಾರು ಹೇಳಿದ್ದು ಎಂದು ಕೇಳಿದೆ.

"ಕರಿಕೆ ಕಡೆಗೆ ಪಿಕಪ್ ಓಡಿಸ್ತಾನಲ್ಲ, ಅವನು. ಸತ್ತಿದ್ದೂ ಸದ್ದಿಲ್ದಂಗೆ ನೋಡು, ತೋಟಕ್ಕೆ ಬತ್ತಿದ್ದಂಗೇಯ."

ಹೇಳಿ ತಾನೇ ನಕ್ಕಳು. ನಕ್ಕ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮೀನಿನ ಘಾಟು ಅಂದಳು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ತೋಟದ ಆಳುಗಳ ಲೈನ್ ಮನೆಗಳಲ್ಲಿದ್ದ ನಾವ್ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಎದುರಿಗೆ ರೈಟ್ರೇ, ಬೆನ್ನ ಹಿಂದೆ ಬೆಕ್ಕು. ಕಾಫಿ ಎಸ್ಟೇಟಿನಲ್ಲಿ ರೈಟರ್ ಎಂದರೆ ಬೆಳಿಗ್ಗೆ ಹಾಜರಿ ಹಿಡಿದು, ಆಳುಗಳನ್ನು ಕೆಲಸಕ್ಕೆ ಹಚ್ಚಿ, ಹಗಲೆಲ್ಲ ತೋಟ ಸುತ್ತುತ್ತ ಯಾರು ಕೆಲಸ ಮಾಡುತ್ತಿದ್ದಾರೆ, ಯಾರು ಇಲ್ಲ ಎಂದು ನೋಡುವವರು. ಓನರಿಗೆ ಆಳುಗಳ ಮೇಲೆ ಅನುಮಾನ, ಆಳುಗಳಿಗೆ ಓನರ ಮೇಲೆ ಅನುಮಾನ. ಎರಡೂ ಅನುಮಾನಗಳು ಬಂದು ಬೀಳುವುದು ರೈಟರ ತಲೆಯ ಮೇಲೆ.

ಎತ್ತರದ ಮನುಷ್ಯ, ಮೈಯಲ್ಲಿ ಮಾಂಸವಿಲ್ಲ. ಮಳೆಯಿರಲಿ ಬಿಸಿಲಿರಲಿ ತಲೆಗೆ ಮಂಕಿ ಕ್ಯಾಪು. ಮಾತಾಡುವಾಗ ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ, ಪಕ್ಕದ ಕಾಫಿ ಗಿಡವನ್ನು ನೋಡಿ ಮಾತಾಡುತ್ತಿದ್ದರು. ಏನು ಕೇಳಿದರೂ ಮೊದಲು ಬರುತ್ತಿದ್ದ ಉತ್ತರ "ಇದ್ದರೂ ಇರಬಹುದು". ನಾಳೆ ಮಳೆ ಬರುತ್ತದಾ ರೈಟ್ರೆ? ಬಂದರೂ ಬರಬಹುದು. ಈ ಸಲ ಬೋನಸ್ ಉಂಟಾ? ಇದ್ದರೂ ಇರಬಹುದು. ಲೈನಿನಲ್ಲಿ ಯಾರ ಮನೆಯ ಟೀಯನ್ನೂ ಕುಡಿಯುತ್ತಿರಲಿಲ್ಲ, ತಮ್ಮದೇ ಫ್ಲಾಸ್ಕು. "ನಾವೇನು ಇಸ ಹಾಕ್ತೀವಾ?" ಎಂದು ನಮ್ಮವ್ವ ಗೊಣಗುತ್ತಿದ್ದಳು.

ಒಮ್ಮೆ ನಾನು ರಜೆ ಕೇಳಲು ಹೋದೆ.

"ಎಂತಕೆ?" ಎಂದರು, ಗಿಡವನ್ನು ನೋಡುತ್ತ.

"ಅವ್ವನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು."

"ಆಸ್ಪತ್ರೆಗೇ ಹೋಗುದಾ?"

"ಮತ್ತೆಲ್ಲಿಗೆ ಹೋಗ್ಲಿ ರೈಟ್ರೆ, ಸಿನಿಮಾಕ್ಕಾ?"

ರಜೆ ಕೊಟ್ಟರು. ಮಾರನೆಯ ದಿನ ಹಾಜರಿಯ ಹೊತ್ತಿಗೆ ಮಾತ್ರೆ ತೋರಿಸು ಎಂದರು. ನಾನು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಮಾತ್ರೆಯ ಹಾಳೆ ತೆಗೆದು ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸು ಕೊಟ್ಟರು. "ಊಟ ಆದ ಮೇಲೆ ತೆಗೊಳ್ಳುದಲ್ಲ?" ಎಂದು ಕೇಳಿದರು. ನಾನು ಸುಳ್ಳು ಹೇಳಿದೆನಾ ಎಂದು ನೋಡಲು ಕೇಳಿದರೋ, ಅವ್ವ ಸರಿಯಾಗಿ ಮಾತ್ರೆ ತೆಗೆದುಕೊಳ್ಳುತ್ತಾಳಾ ಎಂದು ತಿಳಿಯಲು ಕೇಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ಯಾವ ಮಾತನ್ನು ತೆಗೆದುಕೊಂಡರೂ ಹೀಗೆಯೇ.

ಒಂದು ವಿಷಯದಲ್ಲಿ ಮಾತ್ರ ಅವರಿಗೆ "ಇರಬಹುದು" ಇರಲಿಲ್ಲ. ಅದು ಆನೆ. ನಮ್ಮ ತೋಟದ ಕೆಳಗೆ ಹೊಳೆ, ಹೊಳೆಯಾಚೆ ಬಿದಿರು, ಅದರಾಚೆ ಕಾಡು. ತೋಟದಲ್ಲಿ ಯಾರಾದರೂ "ಆನೆ" ಎಂದು ಕೂಗಿದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಎಲ್ಲರೂ ಮೇಲಿನ ರಸ್ತೆಗೆ ಓಡಬೇಕು. ಆ ಒಂದು ಮಾತನ್ನು ತಮಾಷೆಗೆ ಯಾರೂ ಆಡುವಂತಿಲ್ಲ. ಒಮ್ಮೆ ನೆರಳಿನ ಮರದ ಕೊಂಬೆ ಕಡಿಯಲು ಬಂದಿದ್ದ ಹುಡುಗಾಟದವನೊಬ್ಬ ಹೆಂಗಸರು ಓಡುವುದನ್ನು ನೋಡುವ ಆಸೆಗೆ ಸುಳ್ಳೇ ಕೂಗಿದ. ರೈಟರು ಅವನಿಗೆ ಬೈಯಲಿಲ್ಲ. ಅವನ ಕತ್ತಿಯನ್ನು ಕೈಯಿಂದ ತೆಗೆದುಕೊಂಡು, "ಗೇಟು ಆ ಕಡೆ ಉಂಟು" ಎಂದರು. ಅವನು ಮತ್ತೆ ನಮ್ಮ ತೋಟಕ್ಕೆ ಬರಲಿಲ್ಲ.

ಈಗ ಅವ್ವನ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಪ್ಪ ಪಿರಿಯಾಪಟ್ಟಣದ ಕಡೆಯಿಂದ ಈ ತೋಟಕ್ಕೆ ಬಂದವನು. ಅವನು ಹೋದ ಮೇಲೆ ನಾನು ಮತ್ತು ಅವ್ವ ಇಬ್ಬರೇ ಉಳಿದೆವು. ಒಂದು ಲೈನ್ ರೂಮಿಗೆ ಇಬ್ಬರು ಆಳು ಎನ್ನುವುದು ತೋಟದ ಕಾನೂನು. ಒಬ್ಬರು ಕೆಲಸ ಬಿಟ್ಟರೆ ರೂಮು ಬಿಡಬೇಕು. ನಮಗೆ ಹೋಗಲು ಬೇರೆ ಮನೆಯಿರಲಿಲ್ಲ. ಅವ್ವನಿಗೆ ಆ ಹೊತ್ತಿಗೆ ದಮ್ಮು ಹಿಡಿದಿತ್ತು. ಇಳಿಜಾರು ಹತ್ತಿದರೆ ಉಸಿರು ಸಿಕ್ಕುತ್ತಿರಲಿಲ್ಲ, ಸ್ವಲ್ಪ ಕೆಲಸ ಮಾಡಿದರೆ ಕೂರಲೇಬೇಕು. ಪಿಕಿಂಗ್ ಸಮಯದಲ್ಲಿ ಕೂತರೆ ಯಾರೂ ಕೇಳುವುದಿಲ್ಲ, ಕೊಯ್ದಷ್ಟಕ್ಕೆ ಕೂಲಿ, ಕೂತರೆ ನಷ್ಟ ನಮಗೇ. ಆದರೆ ಕಳೆ ತೆಗೆಯುವಾಗ, ಗಿಡದ ಚಿಗುರು ತೆಗೆಯುವಾಗ ದಿನದ ಕೂಲಿ. ಆಗ ಕೂತವಳು ಕೆಲಸಗಳ್ಳಿ. ಕೂತು ಸಿಕ್ಕಿಬಿದ್ದರೆ ಕೈಲಾಗದವಳು ಎಂದು ಅವಳನ್ನು ಬಿಡಿಸುತ್ತಾರೆ, ರೂಮೂ ಹೋಗುತ್ತದೆ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಅದಕ್ಕೆ ನಮಗಿದ್ದ ಆಸರೆ ರೈಟರ ಹಳೆಯ ಮೋಟಾರ್ ಬೈಕಿನ ಸದ್ದು. ಅದು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹತ್ತಿರ ಸ್ಟಾರ್ಟ್ ಆದರೆ ಹೊಳೆಯ ಬದಿಗೂ ಕೇಳುತ್ತಿತ್ತು. ಆ ಸದ್ದು ಬಂದರೆ ಎಲೆ ಅಡಿಕೆಯ ಚೀಲಗಳು ಸೊಂಟ ಸೇರುತ್ತಿದ್ದವು, ಮಾತು ನಿಲ್ಲುತ್ತಿತ್ತು, ಅವ್ವ ಗಿಡ ಹಿಡಿದು ಎದ್ದು ನಿಲ್ಲುತ್ತಿದ್ದಳು. ರೈಟರು ಬರುವ ಹೊತ್ತಿಗೆ ತೋಟದಲ್ಲಿ ನಮ್ಮಷ್ಟು ನಿಯತ್ತಿನ ಆಳುಗಳು ಇರುತ್ತಿರಲಿಲ್ಲ.

ನಾಲ್ಕೈದು ವರ್ಷದ ಹಿಂದೆ ಹೊಸ ಮ್ಯಾನೇಜರು ಬಂದರು. ಚಿಕ್ಕ ವಯಸ್ಸು. ಬಂದವರೇ ರೈಟರಿಗೆ ಬ್ಯಾಟರಿಯ ಸ್ಕೂಟರ್ ಗಾಡಿ ತರಿಸಿಕೊಟ್ಟರು. ಪೆಟ್ರೋಲು ಉಳಿಯುತ್ತದೆ ಎಂದು ಹೇಳಿದರಂತೆ. ಮೊದಲ ದಿನ ರೈಟರು ಅದರ ಮೇಲೆ ತಿರುವು ದಾಟಿ ಬಂದಾಗ ಕೆಂಪಕ್ಕ ಬೂಟು ಬಿಚ್ಚಿಟ್ಟು, ಕಾಲಿಗೆ ಹತ್ತಿದ ಜಿಗಣೆ ಕೀಳುತ್ತ, ಮ್ಯಾನೇಜರ ನಡಿಗೆಯನ್ನು ಅಣಕ ಮಾಡುತ್ತ ಕೂತಿದ್ದಳು. ನಾವು ನಗುತ್ತಿದ್ದೆವು. ನಗು ನಿಲ್ಲಿಸಿ ತಿರುಗಿದರೆ ರೈಟರು ಹತ್ತಡಿ ದೂರದಲ್ಲಿ ಗಾಡಿಯ ಮೇಲಿದ್ದರು. ಯಾವಾಗ ಬಂದರು, ಎಷ್ಟು ಹೊತ್ತು ನಿಂತಿದ್ದರು, ಯಾರಿಗೂ ತಿಳಿಯಲಿಲ್ಲ.

ಒಂದು ಗಿಡವನ್ನು ನೋಡಿ ಗಾಡಿ ತಿರುಗಿಸಿಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು.

"ನೋಡಿದ್ರಾ, ಬೆಕ್ಕು ಬಂದಂಗೆ ಬಂದ," ಎಂದಳು ಕೆಂಪಕ್ಕ. ಹೆಸರು ಬಿದ್ದದ್ದು ಅವತ್ತೇ. "ಪೆಟ್ರೋಲಂತೆ ಪೆಟ್ರೋಲು! ನಮ್ಮನ್ನ ಹಿಡಿಯಕ್ಕೇ ತರ್ಸಿರೋದು ಇದನ್ನ."

ಗಾಡಿಯ ಹ್ಯಾಂಡಲಿನ ನಡುವೆ ಮೊಬೈಲ್ ಸಿಕ್ಕಿಸುವ ಸ್ಟ್ಯಾಂಡ್ ಇತ್ತು. ಕೆಲಸ ಎಲ್ಲಿಗೆ ಬಂತು ಎಂದು ಫೋಟೋ ಕಳಿಸಲು ಮ್ಯಾನೇಜರೇ ಹಾಕಿಸಿದ್ದು. ಪಕ್ಕದ ಲೈನಿನ ಸೆಲ್ವಿಗೆ ಅದನ್ನು ನೋಡಿದ ಕೂಡಲೇ ಎಲ್ಲ ಅರ್ಥವಾಯಿತು. "ಅಯ್ಯೋ ಅಕ್ಕಾ, ಅದು ಫೋನಲ್ಲ, ಕ್ಯಾಮರಾ. ಅವರು ಓಡಿಸ್ಕೊಂಡು ಹೋಗ್ತಾ ಇದ್ರೆ ಅಲ್ಲಿ ಮ್ಯಾನೇಜರು ಟಿವಿ ತರ ನೋಡ್ತಾ ಇರ್ತಾರೆ." ಮರುದಿನದಿಂದ ಅರ್ಧ ಹೆಂಗಸರು ಮುಖಕ್ಕೆ ಟವೆಲ್ ಸುತ್ತಿಕೊಂಡು ಕೆಲಸ ಮಾಡಿದರು. ಸೊಳ್ಳೆ ಜಾಸ್ತಿ ಎಂದು ರೈಟರಿಗೆ ಹೇಳಿದೆವು. "ಇದ್ದರೂ ಇರಬಹುದು," ಎಂದರು.

ಅವ್ವ ಆ ದಿನಗಳಲ್ಲಿ ಕೂರುವುದನ್ನೇ ಬಿಟ್ಟಳು. ಗಿಡ ಹಿಡಿದು ನಿಂತು ಉಸಿರೆಳೆದುಕೊಳ್ಳುತ್ತಿದ್ದಳು. ರಾತ್ರಿ ಮಲಗಿದರೆ ಎದೆಯಲ್ಲಿ ಗೊರಗೊರ ಸದ್ದು. ಬೇಡ ಅವ್ವ, ಕೂತ್ಕೊ, ನಾನು ನೋಡ್ತಿರ್ತೀನಿ ಎಂದರೆ, "ನೀನು ಚಿಗುರು ನೋಡ್ತೀಯೋ ರೋಡ್ ನೋಡ್ತೀಯೋ?" ಎನ್ನುತ್ತಿದ್ದಳು.

ಹೀಗಿರುವಾಗ ಒಂದು ದಿನ ಸ್ಟೋರಿನ ಮುಂದೆ ರೈಟರು ಗಾಡಿಯ ಹ್ಯಾಂಡಲಿಗೆ ಏನೋ ಕಟ್ಟುತ್ತಿದ್ದರು. ದನದ ಕೊರಳಿನ ಗಂಟೆ. ಸಂತೆಯಲ್ಲಿ ತಂದದ್ದು. ತಂತಿ ಸುತ್ತಿ, ಹ್ಯಾಂಡಲ್ ಅಲ್ಲಾಡಿಸಿ, ಕಿವಿಗೊಟ್ಟು ಕೇಳಿ, ಮತ್ತೆ ಬಿಚ್ಚಿ ಇನ್ನೂ ಕೆಳಗೆ ಕಟ್ಟಿದರು. ನನ್ನನ್ನು ಕಂಡು ಕರೆದರು.

"ಇಲ್ಲಿ ಬಾ. ಹೊಳೆಯ ಹತ್ರ ಹೋಗಿ ನಿಂತ್ಕೊ. ನಾನು ತಿರುವಿನಲ್ಲಿ ಬರ್ತೇನೆ. ಕೇಳ್ತದಾ ಹೇಳು."

"ಯಾಕೆ ರೈಟ್ರೆ?"

"ಆನೆಗೆ ಗೊತ್ತಾಗ್ಬೇಕಲ್ಲ. ಸದ್ದಿಲ್ಲದೆ ಎದುರಿಗೆ ಹೋದ್ರೆ ಎತ್ತಿ ಹಾಕ್ತದೆ."

"ಹಾರ್ನ್ ಐತಲ್ಲ?"

"ಹಾರ್ನ್ ನಾನು ಒತ್ತಬೇಕು," ಎಂದು ಬೇರೆ ಕಡೆ ನೋಡಿದರು.

ನನಗೆ ಅನುಮಾನ ಬಂತು. ಹೊಳೆಯ ಬದಿಯಲ್ಲಿಯೇ ಅವ್ವ ಕೆಲಸ ಮಾಡುತ್ತಿದ್ದಳು. ಎಷ್ಟು ದೂರದವರೆಗೆ ನಮಗೆ ಕೇಳುತ್ತದೆ ಎಂದು ನಮ್ಮಿಂದಲೇ ತಿಳಿದುಕೊಂಡು ಅದಕ್ಕೂ ಮೊದಲೇ ಗಂಟೆ ನಿಲ್ಲಿಸಿ ಬಂದು ನಮ್ಮನ್ನು ಹಿಡಿಯಲು ಇದೊಂದು ಉಪಾಯವೇ? ಹೊಳೆಗೆ ಹೋಗಿ ಅವ್ವನಿಗೆ ಹೇಳಿದೆ. ತಿರುವಿನಿಂದ ಗಂಟೆ ಚೆನ್ನಾಗಿಯೇ ಕೇಳಿತು. ಅವ್ವ ನನ್ನ ಕೈ ಹಿಡಿದು, "ಕೇಳೋದಿಲ್ಲ ಅನ್ನು," ಎಂದಳು.

"ಕೇಳೋದಿಲ್ಲ ರೈಟ್ರೇ!" ಎಂದು ಕೂಗಿದೆ.

ಮುಂದಿನ ವಾರ ಅದಕ್ಕಿಂತ ದೊಡ್ಡ ಗಂಟೆ ಬಂತು. ಮತ್ತೆ ನನ್ನನ್ನೇ ಕಳಿಸಿದರು. ಸರಿಯಾಗಿ ಕೇಳೋದಿಲ್ಲ ಎಂದೆ. ಆಮೇಲೆ ಒಂದೊಂದೇ ಸೇರಿಕೊಂಡಿತು. ಹ್ಯಾಂಡಲಿನ ಎಡಗಡೆ ತಂತಿಯ ಬುಟ್ಟಿ, ಅದರಲ್ಲಿ ಸ್ಟೀಲ್ ನೀರಿನ ಬಾಟಲಿ, ಗುಂಡಿ ಬಂದಲ್ಲೆಲ್ಲ ಖಣಖಣ. ಬಲಗಡೆ ಸ್ಟೋರಿನ ಬೀಗದ ಕೈಗಳ ಗೊಂಚಲು. ಕೈ ಹಿಡಿಯುವ ಜಾಗಕ್ಕೆ ಮಳೆ ತಾಗದಿರಲೆಂದು ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಕವರು, ಗಾಳಿಗೆ ಪಟಪಟ. ಇದ್ದ ಕನ್ನಡಿಗಳ ಜೊತೆಗೆ ಇನ್ನೊಂದು ಕನ್ನಡಿ, ನಟ್ಟು ಸಡಿಲ. ಕೊನೆಗೆ ಮಕ್ಕಳು ಸೈಕಲ್ಲಿಗೆ ಹಾಕುವ ಕಾಗದದ ಗಿರಗಿಟ್ಟೆ. ಅದು ಯಾಕೆ ಎಂದು ಸೆಲ್ವಿ ಕೇಳಿದ್ದಕ್ಕೆ, "ಚಂದ ಕಂಡಿತು," ಎಂದರಂತೆ. ಆ ಮುಖದಿಂದ ಆ ಮಾತು ಬಂದದ್ದನ್ನು ಸೆಲ್ವಿ ಲೈನಿಗೆಲ್ಲ ಹೇಳಿಕೊಂಡು ತಿರುಗಿದಳು.

ಕೊನೆಯ ಸಲ ನನ್ನನ್ನು ಹೊಳೆಗೆ ಕಳಿಸಿದಾಗ ನಾನು ಹೋಗಿ ಬಂದು, ಈಗ ಸ್ವಲ್ಪ ಕೇಳುತ್ತದೆ ಎಂದೆ. ಗಿಡವನ್ನು ನೋಡುತ್ತ, "ನಿನ್ನ ಕಿವಿ ಅಷ್ಟೇನೂ ಚೆನ್ನಾಗಿಲ್ಲ," ಎಂದರು. ನಗಲಿಲ್ಲ.

ನಾವು ನಂಬಿದೆವಾ? ಇಲ್ಲ. ಕೆಂಪಕ್ಕ ಎಲ್ಲರನ್ನೂ ಕೂರಿಸಿಕೊಂಡು ಹೇಳಿದಳು: "ನಾವು ಗಂಟೆಗೆ ಒಗ್ಗೋಗ್ಲಿ ಅಂತ ಕಾಯ್ತಾವ್ನೆ. ಒಂದಿನ ಎಲ್ಲ ಬಿಚ್ಚಿಟ್ಟು ಬತ್ತಾನೆ. ಗಂಟೆ ಇಲ್ಲ, ರೈಟ್ರು ಇಲ್ಲ ಅಂತ ನಾವು ಕಾಲು ಚಾಚಿ ಕೂತಿರ್ತೀವಿ. ಎಲ್ರೂ ಒಟ್ಗೇ ಸಿಕ್ಕಾಕ್ಕೋತೀವಿ." ಇದು ಎಲ್ಲರಿಗೂ ಸರಿಯೆನಿಸಿತು. ಹಾಗೆಂದುಕೊಂಡೇ ಗಂಟೆ ಕೇಳಿದಾಗ ಏಳುತ್ತಿದ್ದೆವು, ಕೇಳದಿದ್ದಾಗ ಕೂರುತ್ತಿದ್ದೆವು. ಅವ್ವ ಮತ್ತೆ ಕೂರಲು ಶುರು ಮಾಡಿದಳು. ರಾತ್ರಿಯ ಗೊರಗೊರ ಕಡಿಮೆಯಾಯಿತು. ಆದರೂ ಅವ್ವ ಒಂದು ಮಾತು ಹೇಳುವುದನ್ನು ಬಿಡಲಿಲ್ಲ: "ಅವನು ಸುಮ್ನೆ ಏನೂ ಮಾಡೋನಲ್ಲ ಕಣೇ. ಏನೋ ಒಂದು ಕೇಳ್ತಾನೆ. ನೋಡ್ತಿರು."

ಚಿಗುರು ತೆಗೆಯುತ್ತ ನಿಂತಾಗ ನನಗೆ ಹಾರ್ನಿನ ಮಾತು ಮತ್ತೆ ಮತ್ತೆ ನೆನಪಾಗುತ್ತಿತ್ತು. ಹಾರ್ನು ಹೊಡೆದರೆ ಅದು ರೈಟರು ಹೊಡೆದದ್ದು, ಯಾಕೆ ಹೊಡೆದೆ ಎಂದು ಮ್ಯಾನೇಜರು ಕೇಳಬಹುದು. ಗಂಟೆ ತಾನಾಗಿ ಬಡಿದುಕೊಂಡರೆ ಅದು ರಸ್ತೆಯ ಗುಂಡಿ ಬಡಿಸಿದ್ದು. ಬಾಟಲಿ ನೀರಿಗೆ, ಕವರು ಮಳೆಗೆ, ಬೀಗದ ಕೈ ಸ್ಟೋರಿಗೆ. ಆ ಹ್ಯಾಂಡಲಿನ ಮೇಲೆ ನೆಪವಿಲ್ಲದ ವಸ್ತು ಗಿರಗಿಟ್ಟೆ ಒಂದೇ. ಇದು ಹೊಳೆದಾಗಲೂ ನನಗೆ ಸಮಾಧಾನವಾಗಲಿಲ್ಲ. ಇಷ್ಟು ನೆಪ ಹುಡುಕಬಲ್ಲ ಮನುಷ್ಯನನ್ನು ನಂಬುವುದು ಹೇಗೆ?

ಅನುಮಾನ ಇದ್ದದ್ದು ನಮಗಷ್ಟೇ ಅಲ್ಲ. ಒಂದು ಬೆಳಿಗ್ಗೆ ಹಾಜರಿಯ ಹೊತ್ತಿಗೆ ಮ್ಯಾನೇಜರು ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು.

"ಏನ್ರೀ ಇದು, ಗಾಡಿನೋ ಸಂತೆ ಅಂಗಡಿನೋ?"

"ಆನೆಗೆ ಸಾರ್," ಎಂದರು ರೈಟರು.

"ಆನೆಗೋ, ಇವರಿಗೋ?" ಎಂದು ಮ್ಯಾನೇಜರು ನಮ್ಮ ಕಡೆ ನೋಡಿದರು. ನಾವೆಲ್ಲ ನೆಲ ನೋಡಿದೆವು. ಅವತ್ತೇ ಎಲ್ಲವನ್ನೂ ಬಿಚ್ಚಿಸಿದರು. ಗಂಟೆ ಹೋಯಿತು, ಬಾಟಲಿ ಹೋಯಿತು, ಗಿರಗಿಟ್ಟೆಯೂ ಹೋಯಿತು. ಉಳಿದದ್ದು ಅವರೇ ಹಾಕಿಸಿದ್ದ ಮೊಬೈಲ್ ಸ್ಟ್ಯಾಂಡ್.

ಮಾರನೆಯ ದಿನ ತಿರುವಿನಾಚೆಯಿಂದ ಮೆಣಸಿನ ಧಾರಣೆ ಕೇಳಿಸಿತು. ಅದರ ಹಿಂದೆ ಹವಾಮಾನ, ಆಮೇಲೆ ಹಂದಿ ಸಾಕಣೆಯ ಬಗ್ಗೆ ಒಬ್ಬರ ಭಾಷಣ. ಸ್ಟ್ಯಾಂಡಿನಲ್ಲಿ ಸಿಕ್ಕಿಸಿದ ಮೊಬೈಲಿನಲ್ಲಿ ರೇಡಿಯೋ ದೊಡ್ಡದಾಗಿ ಹಾಕಿಕೊಂಡು ರೈಟರು ಬಂದರು. ಮುಖದಲ್ಲಿ ಏನೂ ಇಲ್ಲ. ಕೆಂಪಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. "ಹಂದಿ ಬಂತು, ಏಳ್ರೇ," ಎಂದಳು.

ಹೀಗೆ ಕೆಲವು ದಿನ ನಡೆಯಿತು. ಆಮೇಲೆ ಒಂದು ದಿನ ಏನೂ ಕೇಳಿಸಲಿಲ್ಲ.

ಮಳೆಗಾಲ ಮುಗಿಯುತ್ತ ಬಂದು ಬೆಳಿಗ್ಗೆಯ ಮಂಜು ಶುರುವಾದ ಕಾಲ. ನಾವು ಹೊಳೆಯ ಬದಿಯ ಇಳಿಜಾರಿನಲ್ಲಿ ಚಿಗುರು ತೆಗೆಯುತ್ತಿದ್ದೆವು. ಅವ್ವ ಹಲಸಿನ ಮರದ ಬುಡದ ಕಲ್ಲಿನ ಮೇಲೆ ಕೂತಿದ್ದಳು. ಆ ಕಲ್ಲು ತಿರುವಿನಿಂದ ನೇರ ಕಾಣುತ್ತದೆ. ಗಂಟೆಯಿಲ್ಲ, ರೇಡಿಯೋ ಇಲ್ಲ. ಆಮೇಲೆ ತಿಳಿಯಿತು, ಮ್ಯಾನೇಜರು ರೇಡಿಯೋ ಆರಿಸಿ ತಾವೇ ರೈಟರ ಹಿಂದೆ ಗಾಡಿಯಲ್ಲಿ ಕೂತಿದ್ದರು, ನೋಡಿಯೇ ಬಿಡೋಣ ಎಂದು.

ಇದ್ದಕ್ಕಿದ್ದಂತೆ ತಿರುವಿನ ಆಚೆಯಿಂದ ಕೂಗು ಬಂತು.

"ಆನೆ! ಆನೆ ಉಂಟು! ಮೇಲೆ ಹತ್ತಿ! ಎಲ್ಲ ಮೇಲೆ ಹತ್ತಿ!"

ರೈಟರ ಗಂಟಲು. ಅವರು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾವು ಕೇಳಿರಲಿಲ್ಲ. ಕತ್ತಿ, ಚೀಲ, ಬುತ್ತಿ ಎಲ್ಲ ಅಲ್ಲೇ ಬಿಟ್ಟು ಹೆಂಗಸರು ಮೇಲಿನ ರಸ್ತೆಗೆ ಓಡಿದರು. ನಾನು ಅವ್ವನ ಕಡೆ ಓಡಿದೆ. ಅವಳು ಆಗಲೇ ಎದ್ದಿದ್ದಳು. ನನ್ನ ಭುಜ ಹಿಡಿದು, ಗಿಡ ಹಿಡಿದು, ಎಲ್ಲಿಂದ ಬಂತೋ ಶಕ್ತಿ, ಹತ್ತಿಬಿಟ್ಟಳು. ಮ್ಯಾನೇಜರು ಬರುವಾಗ ಎಲ್ಲರೂ ರಸ್ತೆಯ ಮೇಲೆ ನಿಂತು ಏದುಸಿರು ಬಿಡುತ್ತಿದ್ದೆವು. ಅವ್ವನ ಉಸಿರಿಗೂ ಉಳಿದವರ ಉಸಿರಿಗೂ ಅವತ್ತು ವ್ಯತ್ಯಾಸವೇ ಇರಲಿಲ್ಲ.

"ಎಲ್ರೀ ಆನೆ?" ಎಂದರು ಮ್ಯಾನೇಜರು.

ರೈಟರು ಹೊಳೆಯಾಚೆಯ ಬಿದಿರನ್ನು ತೋರಿಸಿದರು. ಅಲ್ಲಿ ಮಂಜು ಬಿಟ್ಟರೆ ಏನೂ ಕಾಣಲಿಲ್ಲ. "ಒಳಗೆ ಹೋಯ್ತು ಸಾರ್."

"ನಾನು ನಿಮ್ಮ ಹಿಂದೇನೇ ಇದ್ನಲ್ಲ. ನನಗೆ ಕಾಣ್ಲಿಲ್ಲ." ಮ್ಯಾನೇಜರು ನಮ್ಮ ಕಡೆ ತಿರುಗಿದರು. "ನೀವು ಯಾರಾದ್ರೂ ನೋಡಿದ್ರಾ?"

ಆಗ ರೈಟರಿಗೆ ಬೆಕ್ಕು ಎಂದು ಹೆಸರಿಟ್ಟ ಕೆಂಪಕ್ಕ ಮುಂದೆ ಬಂದಳು.

"ನಾ ನೋಡ್ದೆ ಸಾ. ಇಷ್ಟುದ್ದ ದಂತ. ನನ್ನೇ ನೋಡ್ತು."

"ದಂತ ಎಲ್ಲಿತ್ತಕ್ಕಾ?" ಎಂದಳು ಸೆಲ್ವಿ, ಅವಳೂ ಸಹಾಯಕ್ಕೇ ಬಂದದ್ದು. "ಹೆಣ್ಣಾನೆ ಸಾರ್. ಮರಿ ಇತ್ತು ಜೊತೆಗೆ."

"ಮರಿ ನಾ ನೋಡ್ಲಿಲ್ಲಪ್ಪ. ದಂತ ನೋಡ್ದೆ."

"ಮರಿ ಹೊಳೆ ಈಚೆ ಇತ್ತು ಸಾರ್."

"ಈಚೆ ಇದ್ರೆ ನಾವು ಉಳೀತಿದ್ವೇನೇ, ಮಂಕುದಿಣ್ಣೆ!"

ಮ್ಯಾನೇಜರು ಕೈ ಎತ್ತಿ ನಿಲ್ಲಿಸಿದರು. ಅವ್ವನನ್ನು ನೋಡಿದರು. "ನೀನು ನೋಡಿದ್ಯಾ ಅಜ್ಜಿ?"

ಅವ್ವ ಉಸಿರು ಎಳೆದುಕೊಂಡಳು. ರೈಟರನ್ನು ಒಂದು ಸಲ ನೋಡಿದಳು. ಅವರು ಪಕ್ಕದ ಗಿಡವನ್ನು ನೋಡುತ್ತಿದ್ದರು. "ಇಲ್ಲ ಸಾಮಿ," ಎಂದಳು. "ಓಡೋದ್ರಲ್ಲೇ ಆಗೋಯ್ತು."

ನಮ್ಮ ಸಾಕ್ಷಿಯೇ ರೈಟರನ್ನು ಮುಳುಗಿಸಿತು ಎಂದು ನನಗೆ ಅನ್ನಿಸುತ್ತದೆ. ಅವತ್ತು ಮಧ್ಯಾಹ್ನ ಆಫೀಸಿಗೆ ಕರೆಸಿ ಕೇಳಿದರಂತೆ. ಆನೆ ಇತ್ತು ಎನ್ನುವುದನ್ನು ಬಿಟ್ಟು ಅವರು ಬೇರೇನೂ ಹೇಳಲಿಲ್ಲವಂತೆ. ಗಾಡಿ ವಾಪಸು ತೆಗೆದುಕೊಂಡು ಅವರನ್ನು ಕಾಫಿ ಒಣಗಿಸುವ ಕಣಕ್ಕೆ ಹಾಕಿದರು. ನಾನು ಮರುದಿನ ಯಾರಿಗೂ ಹೇಳದೆ ಹೊಳೆ ದಾಟಿ ಬಿದಿರಿನ ಹತ್ತಿರ ಹೋಗಿ ನೋಡಿದೆ. ರಾತ್ರಿ ದೊಡ್ಡ ಮಳೆ ಬಂದಿತ್ತು. ಕೆಸರಿನಲ್ಲಿ ಹೆಜ್ಜೆ ಇದ್ದರೂ ಉಳಿಯುವಂತಿರಲಿಲ್ಲ. ಒಂದೆರಡು ಬಿದಿರು ಮುರಿದಿದ್ದವು. ಬಿದಿರು ಗಾಳಿಗೂ ಮುರಿಯುತ್ತದೆ.

ಅವ್ವ ಆ ವರ್ಷದ ಪಿಕಿಂಗ್ ಮುಗಿಯುವವರೆಗೂ ಆಳಿನ ಲೆಕ್ಕದಲ್ಲಿ ಉಳಿದಳು. ಮಳೆಗಾಲಕ್ಕೆ ಮೊದಲು ನನ್ನ ಮದುವೆಯಾಯಿತು, ನನ್ನ ಗಂಡ ರೂಮಿನ ಎರಡನೆಯ ಆಳಾದ. ಅಷ್ಟು ಹೊತ್ತಿಗೆ ರೈಟರು ವಯಸ್ಸಾಯಿತು ಎಂದು ಹೇಳಿ ಕೆಲಸ ಬಿಟ್ಟು ಊರಿಗೆ ಹೋಗಿದ್ದರು. ಕಣದಲ್ಲಿದ್ದಾಗ ಒಂದು ಸಲವೂ ನಮ್ಮ ಲೈನಿನ ಕಡೆ ಬರಲಿಲ್ಲ. ದಾರಿಯಲ್ಲಿ ಅವ್ವ ಎದುರಾದರೆ ಬೇಲಿ ನೋಡುತ್ತ ಹೋಗುತ್ತಿದ್ದರು. ಅವ್ವ ಕೊನೆಯವರೆಗೂ ಕಾದಳು. "ಇನ್ನೂ ಕೇಳ್ಲಿಲ್ಲ ನೋಡು," ಎನ್ನುತ್ತಿದ್ದಳು. ಜೀವಮಾನದಲ್ಲಿ ಯಾರೂ ಅವಳಿಗೆ ಏನನ್ನೂ ಸುಮ್ಮನೆ ಕೊಟ್ಟಿರಲಿಲ್ಲ. ಈ ಮನುಷ್ಯನಿಗೆ ಏನು ಬೇಕಿತ್ತು ಎನ್ನುವುದು ತಿಳಿಯದೆಯೇ ಹೋದಳು.

ಸಂತೆಯಲ್ಲಿ ಸುದ್ದಿ ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಒಂದು ದಿನ ರಜೆ ಹಾಕಿ ರೈಟರ ಊರಿಗೆ ಹೊರಟೆ. ಮಡಿಕೇರಿ, ಭಾಗಮಂಡಲ, ಅಲ್ಲಿಂದ ಕರಿಕೆಯ ಬಸ್ಸು. ಬಸ್ಸಿಳಿದು ಕೇಳಿದಾಗ ಒಬ್ಬರು ಮನೆ ತೋರಿಸಿದರು. ರಸ್ತೆಯಿಂದ ಸ್ವಲ್ಪ ಕೆಳಗೆ ಶೀಟಿನ ಮನೆ, ಅಂಗಳದಲ್ಲಿ ರಬ್ಬರ್ ಹಾಳೆಗಳು ಒಣಗುತ್ತಿದ್ದವು. ನೆಂಟರೆಲ್ಲ ಹೋಗಿಯಾಗಿತ್ತು. ಅವರ ಹೆಂಡತಿ ಬಾಗಿಲಲ್ಲಿ ಬಂದು ನಿಂತರು.

"ಎಲ್ಲಿಂದ ಬಂದದ್ದು?"

ತೋಟದ ಹೆಸರು ಹೇಳಿದೆ. ಅವರ ಮುಖ ಗಟ್ಟಿಯಾಯಿತು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಲೈನಿನವಳಾ?"

"ಹೌದಮ್ಮ."

"ಆ ಕೂತುಕೊಳ್ಳುವ ಹೆಂಗಸು ನೀನೇಯಾ?"

ನನಗೆ ಕೂಡಲೇ ಅರ್ಥವಾಗಲಿಲ್ಲ. ಅವರು ಬಾಗಿಲು ಬಿಡದೆಯೇ ಹೇಳಿದರು. "ಲೈನಿನ ಒಬ್ಬಳು ಕೂತಿದ್ದಳಂತೆ, ಅವಳಿಗೋಸ್ಕರ ಇವರು ರೈಟರ್ ಕೆಲಸ ಕಳ್ಕೊಂಡ್ರಂತೆ. ಅಲ್ಲಿ ಕೆಲಸಕ್ಕಿದ್ದ ನಮ್ಮೂರಿನವ ಬಂದು ಹೇಳಿದ. ಇವರನ್ನು ಕೇಳಿದ್ರೆ ಆನೆ ಇತ್ತು ಅಂತ ಒಂದೇ ಮಾತು. ಯಾರವಳು, ಎಷ್ಟು ವಯಸ್ಸು, ಎಂತ ಸಂಬಂಧ, ಎಂತದೂ ಹೇಳ್ಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದು ನಾನು ಅದನ್ನೇ ಯೋಚನೆ ಮಾಡಿದ್ದು."

"ನಾನಲ್ಲಮ್ಮ," ಎಂದೆ. "ನಮ್ಮವ್ವ. ಹಲ್ಲು ಬಿದ್ದಿದ್ವು. ದಮ್ಮಿನವಳು. ನಿಂತ್ರೆ ಉಸಿರು ಸಿಕ್ತಿರ್ಲಿಲ್ಲ. ನಿಮ್ಮ ಯಜಮಾನರನ್ನ ಕಂಡ್ರೆ ಅವಳಿಗೆ ಆಗ್ತಾನೂ ಇರ್ಲಿಲ್ಲ."

ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ಸುಳ್ಳು ಹೇಳುತ್ತಿದ್ದೇನಾ ಎಂದು ನೋಡುತ್ತಿದ್ದರು. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದರು. "ನಿಂತೇ ಇದ್ದೀಯಲ್ಲ. ಕೂತ್ಕೊ," ಎಂದರು.

ಜಗಲಿಯ ಬೆಂಚಿನ ಮೇಲೆ ಕೂತೆ. ಅವರೂ ಪಕ್ಕದಲ್ಲಿ ಕೂತರು.

"ಆನೆ ಇತ್ತಾ?"

"ನಾನು ನೋಡ್ಲಿಲ್ಲಮ್ಮ."

"ಆನೆ ವಿಷಯದಲ್ಲಿ ಇವರು ಸುಳ್ಳು ಹೇಳುವವರಲ್ಲ."

"ಅದು ನಮಗೂ ಗೊತ್ತು."

ಅಂಗಳದ ರಬ್ಬರ್ ಹಾಳೆಗಳು ಗಾಳಿಗೆ ಅಲ್ಲಾಡಿದವು. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ನಿಮ್ಮ ಅವ್ವ ಈಗ ಹೇಗಿದ್ದಾರೆ?"

"ಹೋಗ್ಬಿಟ್ಳು. ಹೋದ ವರ್ಷ."

"ಎಲ್ಲಿ?"

"ಅದೇ ರೂಮಲ್ಲಿ. ನಮ್ಮ ಮನೇಲೇ. ಅವಳ ಹಾಸಿಗೆ ಮೇಲೇನೇ."

ಅವರು ತಲೆಯಾಡಿಸಿದರು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

"ಹಾಗಾದ್ರೆ ಆನೆ ಇತ್ತು," ಎಂದು ಹೇಳಿ, ಎದ್ದು ಒಳಗೆ ಹೋಗಿ, ಕಾಫಿಗೆ ನೀರಿಟ್ಟರು.